ನಿಂಬೆಮರದ ಕೆಳಗಿನ ಕೋರ್ಟು

ಕಸದ ಡಬ್ಬಿ ಹೊರಗಿಡಲೂ ಮಾಸ್ಕ್ ಹಾಕಿಕೊಳ್ಳುತ್ತಿದ್ದ ಆ ದಿನಗಳು ನಿಮಗೂ ನೆನಪಿರಬೇಕು. ವೆಸ್ಟ್ ಕೊವಿನಾ ಊರಿನ ನಮ್ಮ ಮನೆಯಲ್ಲಿ ಅಮ್ಮ ಮಾತ್ರ ಆಸ್ಪತ್ರೆಯ ಡ್ಯೂಟಿಗೆ ಹೋಗುತ್ತಿದ್ದಳು. ದೂರದ ಎಲ್ ಸೆಗುಂಡೋದ ಆಫೀಸಿಗೆ ಹೋಗುತ್ತಿದ್ದ ಅಪ್ಪ ಈಗ ಗರಾಜಿನಲ್ಲಿ ಮೇಜು ಹಾಕಿಕೊಂಡಿದ್ದರು. ನನಗೂ ತಮ್ಮ ನಿಖಿಲನಿಗೂ ಊಟದ ಮೇಜೇ ಸ್ಕೂಲು. ಎಲ್ಲರೂ ಆ ವರ್ಷವನ್ನು ಬೈಯುತ್ತಾರೆ. ನಾನು ಬೈಯಲಾರೆ, ಆ ಬೇಸಿಗೆ ವಸಂತಿ ಅತ್ತೆ ನಮ್ಮಲ್ಲಿದ್ದರು.

ಅತ್ತೆ ಅಪ್ಪನ ಅಕ್ಕ. ಮದುವೆಯಾಗಿ ಮಲೇಷ್ಯಾಕ್ಕೆ ಹೋಗಿ, ಅಲ್ಲಿಯವರೇ ಆಗಿ, ತಾಳೆ ತೋಟದ ಕೂಲಿಯವರ ಕೇಸು ನಡೆಸುತ್ತಿದ್ದ ಲಾಯರು. ಮಾವ ತೀರಿಕೊಂಡ ಮೇಲೆ ಸ್ವಲ್ಪ ದಿನ ಇದ್ದು ಹೋಗಲು ಬಂದಿದ್ದರು, ಅಷ್ಟರಲ್ಲಿ ವಿಮಾನಗಳು ನಿಂತುಹೋದವು. ಅಡುಗೆಮನೆ ಅವರ ವಶವಾಯಿತು. ಏಷ್ಯನ್ ಅಂಗಡಿಯಿಂದ ಪಂದನ್ ಎಂಬ ಪರಿಮಳದ ಎಲೆ ತರಿಸಿ, ಅದನ್ನು ಹಾಕಿ ತೆಂಗಿನ ಹಾಲಿನಲ್ಲಿ ಅನ್ನ ಬೇಯಿಸುತ್ತಿದ್ದರು. ಆ ಘಮ ಗರಾಜಿಗೆ ತಲುಪಿದ ದಿನ ಅಪ್ಪನ ಮೀಟಿಂಗ್ ಬೇಗ ಮುಗಿಯುತ್ತಿತ್ತು.

ಸಂಜೆ ಹಿತ್ತಲಿನ ನಿಂಬೆಮರದ ಕೆಳಗೆ ನಮ್ಮ ಕೋರ್ಟು. ಅಪ್ಪ ಲಟ್ಟಣಿಗೆ ಹಿಡಿದ ಜಡ್ಜು. ಅತ್ತೆಯ ಕಾನೂನು ಒಂದೇ: ಮೊದಲು ಎದುರಾಳಿಯ ವಾದವನ್ನು ನಾವೇ ಹೇಳಬೇಕು, ಅವರು "ಹೌದು, ನನ್ನ ಮಾತು ಇದೇ" ಎಂದು ಒಪ್ಪುವ ತನಕ. ನಮ್ಮ ವಾದ ಆಮೇಲೆ.

ಕೊನೆಯ ಚಕ್ಕುಲಿ ಯಾರದು ಎಂಬ ಕೇಸಿನಲ್ಲಿ ನಿಖಿಲ ಕಾಲು ಅಪ್ಪಳಿಸಿದ. "ವೈ ಶುಡ್ ಐ ಹೆಲ್ಪ್ ಹರ್?"

"ಹೆಲ್ಪ್ ಅಲ್ಲ ಕಣೋ," ಎಂದರು ಅತ್ತೆ. "ಅವಳಿಗೆ ಯಾಕೆ ಹೊಟ್ಟೆ ಉರೀತಿದೆ ಅಂತಾನೇ ಗೊತ್ತಿಲ್ದೆ ನೀನೇನು ವಾದ ಮಾಡ್ತೀಯ?"

ವಿಮಾನಗಳು ಮತ್ತೆ ಹಾರತೊಡಗಿದಾಗ ಮಲೇಷ್ಯಾದ ವಿರೋಧ ಪಕ್ಷದವರು ಅತ್ತೆಗೆ ಫೋನ್ ಮಾಡಿದರು. ಮುಂದಿನ ಚುನಾವಣೆಗೆ ನಿಲ್ಲಬೇಕಂತೆ. ಅಪ್ಪ ಸಿಡುಕಿದರು.

"ಗೆಲ್ಲೋ ಪಾರ್ಟಿನೂ ಅಲ್ಲ. ಯಾಕಕ್ಕಾ ಈ ತಲೆನೋವು? ಇಲ್ಲೇ ಇರು, ಗ್ರೀನ್ ಕಾರ್ಡ್‌ಗೆ ಅಪ್ಲೈ ಮಾಡೋಣ."

ಅತ್ತೆಗೂ ಮನಸ್ಸು ಎರಡಾಗಿತ್ತು. ಅಲ್ಲಿ ಅವರಿಗೆ ಖಾಲಿ ಮನೆ, ಇಲ್ಲಿ ನಾವು. ನನಗಂತೂ ಒಂದೇ ಮನಸ್ಸು. ಅತ್ತೆ ಹೋಗಕೂಡದೆಂದು ಕೋರ್ಟಿನಲ್ಲಿ ಕೇಸು ಹಾಕಿದೆ. ಗೆಲ್ಲುವುದು ಖಂಡಿತ ಎಂದುಕೊಂಡಿದ್ದೆ, ಜಡ್ಜೇ ನನ್ನ ಕಡೆ!

"ಸರಿ," ಅತ್ತೆ ಕುರ್ಚಿ ಎಳೆದುಕೊಂಡರು. "ಮೊದಲು ನನ್ನ ಕಡೆ ಮಾತಾಡು."

ಮನೆ ಖಾಲಿ ಮಾಡಿಸುತ್ತಿದ್ದಾರೆಂದು ತಾಳೆ ತೋಟದ ಹೆಂಗಸರು ವಿಡಿಯೋ ಕಾಲ್‌ನಲ್ಲಿ ಅತ್ತೆಯೆದುರು ಅಳುವುದನ್ನು ನಾನು ಎಷ್ಟೋ ಸಲ ಕೇಳಿದ್ದೆ. ಎದ್ದು ನಿಂತೆ. "ಕೋರ್ಟಲ್ಲಿ ಅತ್ತೆ ಒಂದೊಂದೇ ಮನೆ ಉಳಿಸ್ಬಹುದು. ಪಾರ್ಲಿಮೆಂಟಲ್ಲಿ ಮಾತಾಡಿದ್ರೆ ಕಾನೂನೇ ಬದಲಾಗ್ಬಹುದು. ಸೋತ್ರೂ ಪರವಾಗಿಲ್ಲ. ನಮ್ಮ ಪರ ನಿಲ್ಲೋರು ಒಬ್ರಿದ್ದಾರೆ ಅಂತ ಆ ತೋಟದೋರಿಗೆ ಗೊತ್ತಾಗುತ್ತಲ್ಲ. ಇಲ್ಲಿ ನಮಗೆ ಅಪ್ಪ ಅಮ್ಮ ಇದ್ದಾರೆ. ಅವ್ರಿಗೆ ಯಾರಿದ್ದಾರೆ?"

"ಹೌದು," ಅತ್ತೆಯ ದನಿ ಸಣ್ಣಗಾಯಿತು. "ನನ್ನ ಮಾತು ಇದೇ. ಈಗ ನಿಂದು ಹೇಳು."

ಬಾಯಿ ತೆರೆದೆ. "ನಂಗೆ ನೀವು ಬೇಕು" ಎಂದೆ. ನನ್ನ ವಾದ ಅಷ್ಟೇ. ಅಳು ಬಂದುಬಿಟ್ಟಿತು. ಅತ್ತೆ ನನ್ನನ್ನು ಎಳೆದು ಅಪ್ಪಿಕೊಂಡರು. ಅಪ್ಪ ಲಟ್ಟಣಿಗೆಯನ್ನು ಮೆಲ್ಲಗೆ ಮೇಜಿಗೆ ತಟ್ಟಿದರು. "ಅಕ್ಕ ಹೋಗ್ಬಹುದು." ಟಿಕೆಟ್ಟನ್ನೂ ಅವರೇ ಬುಕ್ ಮಾಡಿದರು.

ಆ ಚುನಾವಣೆಯಲ್ಲಿ ಅತ್ತೆ ಗೆದ್ದರು, ಪಕ್ಷ ಗೆಲ್ಲಲಿಲ್ಲ. ಪಾರ್ಲಿಮೆಂಟಿನಲ್ಲಿ ವಿರೋಧ ಪಕ್ಷದ ಸಾಲಿನಲ್ಲೇ ಕೂತಿದ್ದಾರೆ. ಅವರ ಭಾಷಣಗಳನ್ನು ಫೋನಿನಲ್ಲಿ ನೋಡುತ್ತೇನೆ. ಮೊದಲು ಮಂತ್ರಿಗಳ ವಾದವನ್ನು ಅವರಿಗಿಂತ ಚೆನ್ನಾಗಿ ಹೇಳುತ್ತಾರೆ, ಆಳುವವರು ಮೆಚ್ಚಿ ಮೇಜು ಕುಟ್ಟುತ್ತಾರೆ. ಆಮೇಲೆ ಅತ್ತೆ ತಮ್ಮ ಮಾತು ಶುರುಮಾಡುತ್ತಾರೆ, ಮೇಜಿನ ಸದ್ದು ನಿಲ್ಲುತ್ತದೆ.

ಆ ಮನೆಯನ್ನು ಮಾರಿದೆವು. ನಿಂಬೆಮರವಿದ್ದ ಕಡೆ ಈಗ ಈಜುಕೊಳವಂತೆ. ನಾನು ಸ್ಯಾನ್ ಡಿಯಾಗೋದಲ್ಲಿ ಓದುತ್ತಿದ್ದೇನೆ, ಮುಂದೆ ಕಾನೂನನ್ನೇ ಹಿಡಿಯುತ್ತೇನೆ. ಇಲ್ಲಿ ವಾದ ಮಾಡುವವರಿಗೆ ಬರವಿಲ್ಲ, ಎದುರಿನವರ ಮಾತನ್ನು ಪೂರ್ತಿ ಕೇಳುವವರನ್ನು ಮಾತ್ರ ಕಾಣೆ. ಭಾನುವಾರ ಪಂದನ್ ಹಾಕಿ ಅನ್ನ ಮಾಡಿ ಅತ್ತೆಗೆ ಫೋನ್ ಹಚ್ಚುತ್ತೇನೆ. ಬಂದುಬಿಡಿ ಅತ್ತೆ ಎನ್ನಬೇಕೆಂದು ಪ್ರತಿ ಸಲವೂ ಅನ್ನಿಸುತ್ತದೆ. ಅನ್ನುವುದಿಲ್ಲ. ಅವರ ಕಡೆಯ ವಾದ ನನಗೆ ಈಗಲೂ ಬಾಯಿಪಾಠ.