ಬಾಯಿಗೆ ಬಾರದ ಹೆಸರಿನ ಚೀಟಿಗಳು

ಅಕ್ಕಿ ಆರಿಸುವಾಗ ನನ್ನ ಬುದ್ಧಿ ಸ್ವಲ್ಪ ಚುರುಕಾಗಿರುತ್ತದೆ. ಬೇರೆ ಹೊತ್ತಿನಲ್ಲಿ ಅಷ್ಟಿಲ್ಲ. ಆ ಭಾನುವಾರ ದಾಸರಹಳ್ಳಿಯ ನಮ್ಮ ಬಾಡಿಗೆ ಮನೆಯ ಹಜಾರದಲ್ಲಿ ಮೊರ ಹಿಡಿದು ಕೂತಿದ್ದೆ. ಹಿಂದಿನ ಬೀದಿಯ ಗೌರಮ್ಮ ಬಂದವಳು ಬಾಗಿಲಲ್ಲೇ ನಿಂತಳು.

“ನಮ್ಮಪ್ಪ ಇಲ್ವಂತಲ್ಲಕ್ಕಾ! ಭಜನೆ ಮನೆ ಪೆಟ್ಟಿಗೇನೆಲ್ಲಾ ಮೇಷ್ಟ್ರು ಜಾಲಾಡ್ಬಿಟ್ರು. ಒಂದು ಚೀಟೀನೂ ಇಲ್ಲ. ಅಂಗಾರೆ ನಾನೇನು ಮುಗಿಲಿಂದ ಉದುರಿದ್ನಾ?”

ಮೊರ ಕೈಯಲ್ಲೇ ನಿಂತಿತು. ತಪ್ಪು ಯಾರದೆಂದು ನನಗೆ ಆ ಕ್ಷಣವೇ ಗೊತ್ತಾಯಿತು.

ಈ ಚೀಟಿಗಳ ವಿಷಯ ಹೇಳುತ್ತೇನೆ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಪೀಣ್ಯದ ಕಾರ್ಖಾನೆಗಳು ಸುತ್ತಲಿನ ರಾಗಿ ಹೊಲಗಳನ್ನೆಲ್ಲ ಆಕ್ರಮಿಸಿದ್ದವು. ಅಂಥದೊಂದು ಕಾರ್ಖಾನೆಯ ಕೆಲಸಕ್ಕೆಂದೇ ನಾವೂ ಅಲ್ಲಿಗೆ ಬಂದವರು. ಗೌರಮ್ಮ ಹೇಳಿದ ಆ ನಿವೃತ್ತ ಮೇಷ್ಟ್ರು ಹಳೆಯ ಶಾನುಭೋಗರ ಮನೆಯ ಅಟ್ಟದಿಂದ ಊರಿನ ಜನನ ಮರಣದ ಪುಸ್ತಕಗಳನ್ನು ಇಳಿಸಿಕೊಂಡು ಬಂದರು. “ತಾತನ ಹಿಂದಕ್ಕೆ ಯಾರು ಅಂತ ಕೇಳಿದ್ರೆ ಈ ಊರಲ್ಲಿ ಎಲ್ರೂ ಸೂರು ನೋಡ್ತಾರಮ್ಮ. ಹೆಸರಿಗೊಂದು ಚೀಟಿ ಮಾಡಿ ಅಕಾರಾದಿಯಾಗಿ ಜೋಡಿಸಿಟ್ರೆ ಅವರವರ ಹಿರೀಕರನ್ನ ಅವರವರೇ ಹುಡುಕ್ಕೋತಾರೆ” ಎಂದರು. ಅವರ ಕಣ್ಣಿಗೆ ಮಾಸಿದ ಶಾಯಿ ಕಾಣದು. ನಾನು ಓದಿ ಹೇಳುವುದು, ಅವರು ಬರೆಯುವುದು ಎಂದಾಯಿತು. ದೇವರು ಮಧ್ಯಾಹ್ನದ ಎರಡು ಗಂಟೆ ಬಿಡುವನ್ನೂ ಅಕ್ಷರವನ್ನೂ ಕೊಟ್ಟಿದ್ದಾನೆ, ಅವನದೇ ಸೇವೆ ಎಂದುಕೊಂಡು ಒಪ್ಪಿದೆ. ಹುಟ್ಟಿದ ಮಗುವಿಗೆ ಪುಸ್ತಕದಲ್ಲಿ ಹೆಸರಿರುತ್ತಿರಲಿಲ್ಲ. ಅಪ್ಪನ ಹೆಸರಿನಲ್ಲೇ ಚೀಟಿ.

ತೊಂದರೆ ಅಲ್ಲೇ ಹುಟ್ಟಿತು. ನಮ್ಮ ಯಜಮಾನರ ಹೆಸರು ರಂಗಪ್ಪ. ನೋಡಿ, ಬರೆಯುವುದು ಎಷ್ಟು ಸುಲಭ! ಬಾಯಿಗೆ ಮಾತ್ರ ಬಾರದು. ಬೆಳಗಿನ ಕಾಫಿಗೆ ಮುಂಚೆ ದೇವರ ಸಾವಿರ ಹೆಸರನ್ನು ಗಡಗಡ ಹೇಳಿ ಮುಗಿಸುವವಳಿಗೆ ಒಬ್ಬ ಗಂಡಸಿನ ಮೂರಕ್ಷರ ಗಂಟಲಲ್ಲಿ ನಿಲ್ಲುತ್ತದೆ. ರೇಷನ್ ಕಾರ್ಡಿನವನು ಗಂಡನ ಹೆಸರು ಕೇಳಿದಾಗ ಪಕ್ಕದ ಮನೆಯಾಕೆಯನ್ನು ಮುಂದಕ್ಕೆ ತಳ್ಳಿ ಹೇಳಿಸಿದವಳು ನಾನು. ಈ ಊರಿನ ದೇವರೋ ರಂಗನಾಥ, ಮನೆಗೊಬ್ಬ ರಂಗಪ್ಪ! ಪುಸ್ತಕದಲ್ಲಿ ಆ ಹೆಸರು ಬಂದಲ್ಲೆಲ್ಲ ಅಂಚಿಗೊಂದು ಪೆನ್ಸಿಲ್ ಚುಕ್ಕೆ ಇಟ್ಟು ಮುಂದಿನ ಸಾಲಿಗೆ ಹಾರುತ್ತಿದ್ದೆ. ಇವಷ್ಟನ್ನೂ ಆಮೇಲೆ ನಾನೇ ಬರೆದರಾಯಿತು ಎಂದು ಲೆಕ್ಕ. ಆ ಆಮೇಲೆ ಬರಲೇ ಇಲ್ಲ. ಕುಂಕುಮ ಹಚ್ಚಿ, ಹೂ ಮುಡಿಸಿ, ಪೆಟ್ಟಿಗೆಯನ್ನು ಭಜನೆ ಮನೆಗೆ ಕೊಟ್ಟೂ ಬಿಟ್ಟೆವು. ಊರಿನ ರಂಗಪ್ಪಂದಿರೆಲ್ಲ ಹೊರಗೇ ಉಳಿದರು.

ಗೌರಮ್ಮನಿಗೆ ಬೇಕಾಗಿದ್ದುದು ಒಂದೇ ಸಂಗತಿ. ಅವಳು ಹುಟ್ಟಿದ ವರ್ಷವೇ ಅಪ್ಪ ತೀರಿಕೊಂಡಿದ್ದ. ಮುಂಚೆಯೋ ಆಮೇಲೋ ಹೇಳಲು ಯಾರೂ ಉಳಿದಿರಲಿಲ್ಲ. “ಉಟ್ಟೋಕ್ ಮುಂಚೇನೇ ಅಪ್ಪನ್ನ ತಿಂದ್ಕೊಂಡ್ ಬಂದೋಳು” ಎಂದು ಅತ್ತೆ ಆಡಿದ ಮಾತು ಮೈಗಂಟಿಬಿಟ್ಟಿತ್ತು. ಯಾರ ಮನೆಯ ತೊಟ್ಟಿಲಿಗೂ ಅವಳು ಕೈ ಹಾಕುತ್ತಿರಲಿಲ್ಲ. ಬಾಗಿಲ ಹಿಂದೆ ನಿಂತು ಸೋಬಾನೆ ಹೇಳುತ್ತಿದ್ದಳು. ಗುರುವಾರ ಅವಳದೇ ಮೊಮ್ಮಗುವಿನ ನಾಮಕರಣ.

“ನಿಮ್ಮಪ್ಪನ ಹೆಸರು ಹೇಳು,” ಎಂದೆ, ಗೊತ್ತಿದ್ದೂ.

“ರಂಗಪ್ಪ. ತಾತ ಮುನಿಯಪ್ಪ.”

ಪುಸ್ತಕಗಳು ನಮ್ಮ ದೇವರ ಮನೆಯ ಟ್ರಂಕಿನಲ್ಲೇ ಇದ್ದವು. ಗೌರಮ್ಮನ ವಯಸ್ಸನ್ನು ಅಂದಾಜು ಮಾಡಿ ಎರಡು ಪುಸ್ತಕ ತೆಗೆದೆ. ಬೆಳ್ಳಿಹುಳ ತಿಂದಿದ್ದು ಮೂಲೆಗಳನ್ನಷ್ಟೇ, ಅದೊಂದು ಪುಣ್ಯ. ಚುಕ್ಕೆಗಳು ಅಳಿಸಿರಲಿಲ್ಲ, ಅದು ಇನ್ನೊಂದು. ಚುಕ್ಕೆಯಿಂದ ಚುಕ್ಕೆಗೆ ಬೆರಳು ಸರಿಸುತ್ತಾ ಹೋದೆ. ಅವಳಿಗೆ ಅಕ್ಷರ ಬಾರದು; ನನ್ನ ಬಾಯನ್ನೇ ನೋಡುತ್ತಿದ್ದಳು. ಒಂದು ಸಾಲಿನಲ್ಲಿ ಬೆರಳು ನಿಂತಿತು.

“ಸಿಕ್ತೇನಕ್ಕಾ? ಜೋರಾಗಿ ಓದ್ರಕ್ಕ!”

ದೇವರೇ ಎಂದುಕೊಂಡು ಓದಿದೆ. “ಹೆಣ್ಣು ಮಗು. ತಂದೆ, ರಂಗಪ್ಪ ಬಿನ್ ಮುನಿಯಪ್ಪ...”

“ಏನೇ?” ಒಳಗಿನ ಕೋಣೆಯಿಂದ ಯಜಮಾನರ ದನಿ. “ಕರೆದ್ಯಾ?”

“ನಿಮ್ಮನ್ನಲ್ಲ!” ಎಂದು ಕೂಗಿ, ಮುಂದಿನ ಕಾಲಮ್ಮು ಓದಿದೆ. “ಜನನ ತಿಳಿಸಿದವರು, ತಂದೆ.” ಪಕ್ಕದಲ್ಲಿ ಒಂದು ಹೆಬ್ಬೆಟ್ಟಿನ ಗುರುತು.

“ಅಂಗಂದ್ರೆ?”

“ಅಂಗಂದ್ರೆ, ನೀನು ಹುಟ್ಟಿದೆ ಅಂತ ಶಾನುಭೋಗರಿಗೆ ಹೇಳೋಕೆ ನಿಮ್ಮಪ್ಪನೇ ಬಂದಿದ್ದ ಕಣೇ. ಇದು ಅವನದೇ ಬೆರಳು.”

ಮರಣದ ಪುಸ್ತಕದಲ್ಲೂ ಅವನು ಸಿಕ್ಕಿದ. ಮಗಳು ಹುಟ್ಟಿ ಇಪ್ಪತ್ತಾರು ದಿನದ ಮೇಲೆ, ಜ್ವರ. ಗೌರಮ್ಮ ಅಳಲಿಲ್ಲ. ತನ್ನ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡು ಆ ಗುರುತಿನ ಪಕ್ಕದಲ್ಲಿಟ್ಟು ನೋಡಿದಳು. “ನಂದೂ ಇಂಗೇ ಅಗಲ,” ಎಂದಳು. ಆಮೇಲೆ, “ಗುರುವಾರ ಮಗೂನ ನಾನೇ ತೊಟ್ಲಿಗಾಕ್ತೀನಿ. ಯಾರ್ ಏನಂತಾರೋ ನೋಡೇಬಿಡ್ತೀನಿ. ನೀವೂ ಬರ್ಬೇಕು ಕಣಕ್ಕಾ.”

ಅವಳು ಹೋದ ಮೇಲೆ ಕಾಗದ ಕತ್ತರಿಸಿಕೊಂಡು ಕೂತೆ. ಒಂದೊಂದು ಚುಕ್ಕೆಗೂ ಹೆಸರನ್ನು ಬಾಯಿಬಿಟ್ಟು ಹೇಳಿಕೊಂಡೇ ಬರೆದೆ. ಹೇಳಿದರೆ ಗಂಡನ ಆಯುಸ್ಸು ಕಡಿಮೆಯಾಗುತ್ತದೆ ಎಂದು ನಮ್ಮಜ್ಜಿ ಹೆದರಿಸುತ್ತಿದ್ದಳು. ಆಗಲಿಲ್ಲ, ಇವರು ಊಟಕ್ಕೆ ಎರಡು ಮುದ್ದೆ ಹಾಕಿಸಿಕೊಂಡರು. ಇನ್ನೊಬ್ಬ ರಂಗಪ್ಪನಿಗಂತೂ ಅಂದು ಇಪ್ಪತ್ತಾರು ದಿನ ಆಯುಸ್ಸು ಕೂಡಿತು. ದೇವರು ನನ್ನ ಬಾಯಿಂದ ಇಷ್ಟಾದರೂ ಮಾಡಿಸಿದನಲ್ಲ.

“ಇನ್ನೊಂದ್ಸಲ ಕರಿಯೇ, ಚೆನ್ನಾಗಿತ್ತು,” ಎಂದು ಇವರು ಛೇಡಿಸುತ್ತಲೇ ಇದ್ದರು. ಕೇಳಿಸದವಳಂತೆ ಎದ್ದು, ಸೋಮವಾರದ ಮೊದಲ ಪಾಳಿಗೆ ಅವರ ಖಾಕಿ ಬಟ್ಟೆಗಳನ್ನು ಸೋಪಿನ ನೀರಿನಲ್ಲಿ ನೆನೆಹಾಕಿದೆ.