ಕುಳಿಯಕ್ಕ ಹೇಳಿದ ಮೇಲೆ ಮುಗಿಯಿತು

ಮಂಜು ಇನ್ನೂ ನೆಲ ಬಿಟ್ಟು ಎದ್ದಿಲ್ಲ. ಗಾಲ್ಫ್ ಮೈದಾನದ ಮೊದಲ ಗ್ರೀನ್ ಮೇಲೆ, ಎಂದರೆ ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಮೇಲೆ, ಹೆಂಗಸೊಬ್ಬರು ಬೂಟು ಕಳಚಿಟ್ಟು ಬರಿಗಾಲಲ್ಲಿ ನಡೆಯುತ್ತಿದ್ದಾರೆ. ನಿದ್ದೆಯಲ್ಲಿ ನಡೆಯುವವರ ಹಾಗೆ, ಅರೆಗಣ್ಣು ಮುಚ್ಚಿ. ಇಬ್ಬನಿಯ ಮೇಲೆ ಅವರ ಹೆಜ್ಜೆ ಕಡುಹಸಿರಾಗಿ ಮೂಡುತ್ತದೆ.

“ಇಳಿಜಾರು ಕಣ್ಣಿಗೆ ಸುಳ್ಳು ಹೇಳತ್ತೆ. ಅಂಗಾಲಿಗೆ ಹೇಳಲ್ಲ” ಎನ್ನುತ್ತಾರೆ.

ಒಂದು ಕಡೆ ನಿಲ್ಲುತ್ತಾರೆ. ಹಿಡಿಕೆಯುಳ್ಳ ಉಕ್ಕಿನ ಕೊಳವೆಯನ್ನು ನೆಟ್ಟಗೆ ಹಿಡಿದು, ಮೈಭಾರ ಬಿಟ್ಟು ತಿರುವುತ್ತಾರೆ. ಹುಲ್ಲು, ಬೇರು, ಮಣ್ಣು ಒಂದೇ ಮುದ್ದೆಯಾಗಿ ಮೇಲೆ ಬರುತ್ತದೆ. ಅದನ್ನು ಹಸುಗೂಸನ್ನು ಎತ್ತಿಕೊಂಡಂತೆ ಒಯ್ದು ನಿನ್ನೆಯ ಕುಳಿಯೊಳಗೆ ಕೂರಿಸಿ, ಅಂಗೈಯಿಂದ ಒತ್ತಿ, ಎರಡು ಗುಟುಕು ನೀರು ಕುಡಿಸುತ್ತಾರೆ. ಅಲ್ಲೊಂದು ಕುಳಿ ಇತ್ತೆಂದು ಈಗ ಯಾರೂ ಹೇಳಲಾರರು. ಹೊಸ ಕುಳಿಗೆ ಬಿಳಿ ಬಟ್ಟಲಿಟ್ಟು ಬಾವುಟದ ಕೋಲು ನೆಟ್ಟರೆ ಒಂದು ಮುಗಿಯಿತು. ಇನ್ನು ಹದಿನೇಳು.

ಎಲ್ಲರಿಗೂ ಇವರು ಕುಳಿಯಕ್ಕ. ಕುಳಿ ಒಂದೇ ಕಡೆ ಇದ್ದರೆ ಸುತ್ತಲಿನ ಹುಲ್ಲು ತುಳಿತಕ್ಕೆ ಸಾಯುತ್ತದೆ. ಆದ್ದರಿಂದ ದಿನಕ್ಕೆ ಹದಿನೆಂಟು ಕುಳಿ, ಆರೇಳು ಮೈಲಿ ನಡಿಗೆ, ಮೊದಲ ಆಟಗಾರ ಆಕಳಿಸುತ್ತ ಬರುವ ಮುಂಚೆ. ಇಪ್ಪತ್ತೇಳು ವರ್ಷದಿಂದ ಇದೇ. ಅವರ ಅಪ್ಪ ಇಲ್ಲಿ ರೋಲರ್ ಎಳೆಯುತ್ತಿದ್ದವರು. ಅಪ್ಪ ತೀರಿಕೊಂಡಾಗ ಇವರಿಗೆ ಹತ್ತೊಂಬತ್ತು, ತಮ್ಮನಿಗೆ ಏಳು. ಕಂಕುಳಲ್ಲಿ ಹೊತ್ತು ಬೆಳೆಸಿದ ಆ ತಮ್ಮ ಈಗ ಇಲ್ಲೇ ಕ್ಯಾಡಿ. ಆಟಗಾರರ ಕೋಲಿನ ಚೀಲ ಹೊತ್ತು ಅವನ ಎಡಹೆಗಲು ಬಾಗಿದೆ.

ಕುಳಿ ಮುಗಿದ ಮೇಲೆ ಚೆಂಡು ಬಿದ್ದ ತಗ್ಗುಗಳನ್ನು ಸರಿಪಡಿಸುವ ಕೆಲಸ. ಆಟಗಾರರ ಜಗಳ ಬಗೆಹರಿಸುವುದೂ ಇದೇ ಹೊತ್ತಿನಲ್ಲಿ. ಬಿಸಿಲೇರುವ ಮುಂಚೆ ಬರುವ ವಕೀಲರೊಬ್ಬರು ಕುಳಿಯ ಕಡೆ ಕೈ ತೋರಿಸುತ್ತಾರೆ.

“ಅಲ್ಲಮ್ಮಾ, ನನ್ನ ಜೊತೆಯವನು ಬಾವುಟದ ಕೋಲು ತೆಗೀದೆ ಹೊಡೆದ, ಚೆಂಡು ಹೋಗಿ ಅದಕ್ಕೇ ತಗುಲ್ತು. ಎರಡು ಹೊಡೆತ ದಂಡ ತಾನೆ?”

“ಅದು ಹಳೇ ಕಾಲದ್ದು ಸಾರ್. ಈಗ ದಂಡ ಇಲ್ಲ.”

ವಕೀಲರ ಚೆಂಡೋ ಕುಳಿಯ ಅಂಚಿನಲ್ಲಿ ಬೀಳಲೋ ಬೇಡವೋ ಎನ್ನುತ್ತ ನಿಂತಿದೆ. ಅವರು ಸೊಂಟಕ್ಕೆ ಕೈಯಿಟ್ಟು ಅದನ್ನೇ ನೋಡುತ್ತಾರೆ.

“ಚೆಂಡಿನ ಹತ್ತಿರ ಬಂದ್ಮೇಲೆ ಕಾಯೋಕೆ ಹತ್ತೇ ಸೆಕೆಂಡು ಸಾರ್, ಎಣಿಸ್ತಾ ಇದೀನಿ.”

“ಕೋರ್ಟಲ್ಲಿ ಜಡ್ಜು ಕೂಡ ನನ್ನ ಹೀಗೆ ಹೆದರಿಸಿಲ್ಲ!”

ಇಷ್ಟೆಲ್ಲ ಕಲಿಸಿದ್ದು ಒಂದು ತಪ್ಪು. ವರ್ಷಕ್ಕೆರಡು ಸಲ, ಮೈದಾನಕ್ಕೆ ರಜೆಯಿರುವ ಸೋಮವಾರ, ಕೆಲಸಗಾರರದೇ ಪಂದ್ಯ ನಡೆಯುತ್ತದೆ. ಗೆದ್ದವರಿಗೆ ತರಬೇತುದಾರರ ಸಹಾಯಕರಾಗುವ ಅವಕಾಶ; ಚೀಲ ಹೊರುವ ಹೆಗಲಿಗೆ ಅದೊಂದೇ ಬಿಡುಗಡೆ. ಕೆಲವು ವರ್ಷದ ಹಿಂದೆ ಕೊನೆಯ ಗ್ರೀನ್‌ನಲ್ಲಿ ತಮ್ಮನ ಚೆಂಡಿನ ದಾರಿಗೆ ಅಡ್ಡವಾಗಿ ಯಾರದೋ ಬೂಟಿನ ಮುಳ್ಳು ಹುಲ್ಲನ್ನು ಕಿತ್ತೆಬ್ಬಿಸಿತ್ತು.

“ಅಕ್ಕಾ, ಇದನ್ನ ತಟ್ಟಿ ಸರಿಮಾಡ್ಲಾ?”

“ಮುಟ್ಟಬೇಡ, ದಂಡ ಬೀಳತ್ತೆ.”

ಅಪ್ಪ ಕಲಿಸಿದ್ದು ಹಾಗೆ. ತಮ್ಮ ಮುಟ್ಟಲಿಲ್ಲ. ಚೆಂಡು ಆ ಉಬ್ಬಿಗೆ ತಾಗಿ ಪಕ್ಕಕ್ಕೆ ಹೊರಳಿತು. ಒಂದೇ ಹೊಡೆತದ ಅಂತರದಲ್ಲಿ ಸೋತ. ಬೂಟಿನ ಗುರುತನ್ನು ಸರಿಮಾಡಬಹುದೆಂದು ಅದೇ ವರ್ಷ ನಿಯಮ ಬದಲಾಗಿತ್ತು. ಆ ಸೂಚನೆ ತೂಗುಬಿದ್ದಿದ್ದು ಆಟಗಾರರು ಬಟ್ಟೆ ಬದಲಿಸುವ ಕೋಣೆಯಲ್ಲಿ. ಹುಲ್ಲಿನ ಕೆಲಸದವರು ಅಲ್ಲಿಗೆ ಕಾಲಿಡುವಂತಿಲ್ಲ.

“ಹೋಗ್ಲಿ ಬಿಡಕ್ಕಾ” ಎಂದು ತಮ್ಮ ನಕ್ಕುಬಿಟ್ಟ. ಅಕ್ಕನಿಗೆ ಬಿಡಲಾಗಲಿಲ್ಲ. ನಿಯಮದ ಪುಸ್ತಕ ಕೇಳಿ ತಂದರು. “ಮಗಳು ಓದೋಳು, ನಾನು ಪಾತ್ರೆ ತೊಳೀತಾ ಬಾಯಿಪಾಠ ಮಾಡೋಳು. ಒಂದು ಮಳೆಗಾಲ ಹಿಡೀತು.”

ಹೋದ ಸಲದ ಪಂದ್ಯದಲ್ಲಿ ಮತ್ತೆ ಅದೇ ಕೊನೆಯ ಗ್ರೀನ್. ತಮ್ಮನ ಚೆಂಡಿಗೂ ಕುಳಿಗೂ ಒಂದೂವರೆ ಮೊಳ. ಚೆಂಡಿನ ಹಿಂದೆ ಅಂಗಿಯ ಗುಂಡಿಯೊಂದನ್ನು ಗುರುತಿಗಿಟ್ಟು, ಚೆಂಡನ್ನೆತ್ತಿ ಒರೆಸಿ, ಮತ್ತೆ ಅಲ್ಲೇ ಇಟ್ಟು, ಗುಂಡಿ ತೆಗೆದ. ಅಷ್ಟರಲ್ಲಿ ಎಲ್ಲಿಂದಲೋ ಒಂದು ಗಾಳಿ. ಚೆಂಡು ಕನಸಿನಲ್ಲಿ ಉರುಳಿದಂತೆ ಉರುಳಿ ಕುಳಿಗೆ ಬಿತ್ತು. ಜನ ಕುಣಿದಾಡಿದರು. ಗಾಳಿ ಸರಿಸಿದ ಚೆಂಡನ್ನು ಸರಿದಲ್ಲಿಂದಲೇ ಆಡಬೇಕು, ಕುಳಿಗೆ ಬಿದ್ದರೆ ಬಿದ್ದಂತೆಯೇ ಎಂಬುದು ಎಲ್ಲರಿಗೂ ಗೊತ್ತು. ಆದರೆ ಅದು ಅರ್ಧ ನಿಯಮ. ಗ್ರೀನ್ ಮೇಲೆ ಗುರುತಿಟ್ಟು, ಎತ್ತಿ, ಮತ್ತೆ ಇಟ್ಟ ಚೆಂಡಾದರೆ ಮೊದಲಿನ ಜಾಗಕ್ಕೇ ತರಬೇಕು. ಉಳಿದರ್ಧ ಗೊತ್ತಿದ್ದವರು ಅಲ್ಲಿ ಒಬ್ಬರೇ.

“ನಾನು ಸುಮ್ನಿದ್ದಿದ್ರೆ ಮುಗೀತಿತ್ತು. ಅವನೂ ನನ್ನನ್ನೇ ನೋಡ್ತಿದ್ದ. ಚಿಕ್ಕೋನಿದ್ದಾಗ ಹಸಿವಾದ್ರೆ ಹಾಗೇ ನೋಡ್ತಿದ್ದ. ‘ವಾಪಸ್ ಇಡು’ ಅಂದೆ. ನನ್ನ ದನಿ ನನಗೇ ದೂರದಿಂದ ಕೇಳಿಸ್ತು.”

ತಮ್ಮ ಚೆಂಡನ್ನು ವಾಪಸಿಟ್ಟು ಹೊಡೆದ. ಅದು ಕುಳಿಯ ಅಂಚನ್ನು ಸುತ್ತಿ ಹೊರಗೆ ನಿಂತಿತು. ಮತ್ತೆ ಒಂದೇ ಹೊಡೆತದ ಸೋಲು.

“ನೀನು ತಪ್ಪು ಹೇಳಿದ್ರೂ ಸೋಲ್ತೀನಿ, ಸರಿ ಹೇಳಿದ್ರೂ ಸೋಲ್ತೀನಿ. ಇನ್ಮೇಲೆ ನನಗೇನೂ ಹೇಳ್ಬೇಡ” ಎಂದವನು ಐದು ತಿಂಗಳಿಂದ ಅಕ್ಕನೊಂದಿಗೆ ಮಾತು ಬಿಟ್ಟಿದ್ದಾನೆ. ಇರುವುದು ಒಂದೇ ಸೂರು, ಊಟ ಒಂದೇ ಪಾತ್ರೆಯದು. ನಡುವೆ ಅಕ್ಕನ ಮಗಳು.

“ನಿಮ್ಮಮ್ಮನಿಗೆ ಹೇಳು, ಉಪ್ಪು ಜಾಸ್ತಿ ಅಂತ.”

“ನಿಮ್ಮ ಮಾವನಿಗೆ ಹೇಳು, ನಾಲಿಗೆ ತೊಳ್ಕೊಂಡು ಬರ್ಲಿ ಅಂತ.”

“ನಾನೇನು ಪೋಸ್ಟ್‌ಮ್ಯಾನಾ?” ಎಂದು ಮಗಳು ತಟ್ಟೆ ಹಿಡಿದು ಬೇರೆ ಕೋಣೆಗೆ ಹೋಗುತ್ತಾಳೆ.

“ಸೋತಿದ್ದಕ್ಕೆ ಕೋಪ ಅಂದ್ರೆ ತಡ್ಕೋಬಹುದು. ನನ್ನ ಮಾತಿನ ಮೇಲೆ ನಂಬಿಕೆಯೇ ಹೋಗಿದ್ರೆ?” ಕುಳಿಯಕ್ಕ ಇಷ್ಟು ಹೇಳಿ ಹುಲ್ಲು ಸವರುತ್ತಾರೆ.

ಬರುವ ಸೋಮವಾರ ಮತ್ತೆ ಪಂದ್ಯ. ತಮ್ಮನೂ ಆಡುತ್ತಿದ್ದಾನೆ. ಜಗಳ ಬೇಡವೆಂದು ಈ ಸಲ ಕೊನೆಯ ಗ್ರೀನ್‌ಗೆ ತೀರ್ಪುಗಾರರನ್ನು ನಿಲ್ಲಿಸುತ್ತಾರೆ. ಯಾರು ಬೇಕೆಂದು ಹದಿನಾರು ಆಟಗಾರರೂ ಗುಟ್ಟಾಗಿ ಚೀಟಿ ಬರೆದು ಡಬ್ಬಿಗೆ ಹಾಕಿದ್ದಾರೆ. ನಿನ್ನೆ ಸಂಜೆ ಮೇಸ್ತ್ರಿ ಆ ಡಬ್ಬಿಯನ್ನು ತಂದು ಇವರ ಮಡಿಲಿಗೇ ಸುರಿದರಂತೆ.

ಹದಿನೆಂಟನೆಯ ಗ್ರೀನ್ ಅಂಚಿನಲ್ಲಿ ಕೂತು, ಕುಳಿಯಕ್ಕ ಕೋಟಿನ ಜೇಬಿನಿಂದ ಚೀಟಿಗಳನ್ನು ತೆಗೆಯುತ್ತಾರೆ. ಮಂಜು ಕರಗಿದೆ. ಒಂದೊಂದನ್ನೇ ಬಿಡಿಸಿ ಮಂಡಿಯ ಮೇಲೆ ಹರಡುತ್ತಾರೆ. ಹದಿನೈದರಲ್ಲಿ ‘ಕುಳಿಯಕ್ಕ’ ಎಂದಿದೆ. ಹದಿನಾರನೆಯದರಲ್ಲಿ, ಅಕ್ಷರ ಸ್ವಲ್ಪ ಎಡಕ್ಕೆ ವಾಲಿಕೊಂಡು, ಬರೀ ‘ಅಕ್ಕ’.

“ಯಾರದು ಅಂತ ಮಾತ್ರ ಕೇಳ್ಬೇಡಿ” ಎಂದು ಅದನ್ನು ಮಡಚುತ್ತಾರೆ. “ಗುಟ್ಟಿನ ಚೀಟಿ. ನಿಯಮ ಅಂದ್ರೆ ನಿಯಮ.”