ತುಂಬಿಯೇ ಉಳಿದ ಬಾಟಲಿಗಳು

ಮೈಸೂರಿಗೆ ಬಂದ ಎರಡನೇ ವಾರ ನಾನು ಒಂದು ಪಡಸಾಲೆಯಲ್ಲಿ ಎರಡೂವರೆ ತಾಸು ಕೂತೆ. ಅಷ್ಟು ಹೊತ್ತಿನಲ್ಲಿ ಅಲ್ಲಿದ್ದ ಹನ್ನೊಂದು ಹುಡುಗಿಯರಲ್ಲಿ ಒಬ್ಬಳೂ ಎದ್ದು ಹೊರಗೆ ಹೋಗಲಿಲ್ಲ. ಕಾಲು ಚಾಚಲಿಲ್ಲ, ನೀರು ಕೇಳಲಿಲ್ಲ, ಆಕಳಿಸಲೂ ಇಲ್ಲ. ನಾನು ಫಿಸಿಯೋಥೆರಪಿಸ್ಟ್, ಜನರ ಮಂಡಿ, ಸೊಂಟ, ಕತ್ತು ತಿರುವಿಯೇ ಇಪ್ಪತ್ತೈದು ವರ್ಷ ಹೊಟ್ಟೆ ಹೊರೆದವಳು. ಜೀವವಿರುವವರು ಹೀಗೆ ಕೂರುವುದನ್ನು ಹಿಂದೆ ಕಂಡಿರಲಿಲ್ಲ. ಗಾಬರಿಯಾಗಿ, ಎಲ್ಲರೂ ಉಸಿರಾಡುತ್ತಿದ್ದಾರೆಯೇ ಎಂದು ಒಬ್ಬೊಬ್ಬರನ್ನೇ ನೋಡಿದೆ. ಹಾಡುತ್ತಿದ್ದರಲ್ಲ, ಉಸಿರಾಡಲೇಬೇಕು. ಆದರೆ ಚಿಂತೆಯ ಚಟ ಇರುವವರಿಗೆ ತರ್ಕದಿಂದ ಯಾವತ್ತೂ ಉಪಯೋಗವಾಗಿಲ್ಲ.

ಧಾರವಾಡದ ಹಾಡಿನ ಮನೆಗಳು ಹೀಗಲ್ಲವೆಂದು ನಮ್ಮೂರಿನವರಾದ ನಿಮಗೆ ಹೇಳಬೇಕಿಲ್ಲ. ಅಲ್ಲಿ ಅರ್ಧ ತಾಸು ಹಾಡಾದರೆ ಚಹಾ ಬರುತ್ತದೆ. ಚಹಾದ ಬೆನ್ನಿಗೆ ಅಡಿಕೆ, ಅಡಿಕೆಯ ಬೆನ್ನಿಗೆ ಯಾರದೋ ಮಗಳ ನಿಶ್ಚಿತಾರ್ಥ ಮುರಿದ ಸುದ್ದಿ. ಶಿಷ್ಯರು ಏಳುತ್ತಾರೆ, ಉಗುಳುತ್ತಾರೆ, ಹಿತ್ತಲಿಗೆ ಹೋಗಿ ಬರುತ್ತಾರೆ. ತಂಬೂರಿಯೂ ಗೋಡೆಗೊರಗಿ ದಣಿವಾರಿಸಿಕೊಳ್ಳುತ್ತದೆ. ಇಷ್ಟು ವರ್ಷ ಅದನ್ನು ಶಿಸ್ತುಗೇಡಿತನ ಎಂದುಕೊಂಡಿದ್ದೆ. ಆರೋಗ್ಯ ಎಂದೂ ಕರೆಯಬಹುದಿತ್ತು.

ನನ್ನ ಗಂಡನಿಗೆ ಹೂಟಗಳ್ಳಿಯ ಕಾರ್ಖಾನೆಗೆ ವರ್ಗವಾಗಿ ನಾವು ಇಲ್ಲಿಗೆ ಬಂದೆವು. ಸಿದ್ಧಾರ್ಥನಗರದಲ್ಲಿ ಮನೆ ಸಿಕ್ಕಿತು. ಮಾಲೀಕರು ಕೇಳಿದ್ದು ಒಂದೇ ಪ್ರಶ್ನೆ, ಅದೂ ನಾಚಿಕೊಂಡು: "ಹೆಸರು ಏನಂದ್ರಿ? ಕುಲಕರ್ಣಿನಾ? ಸರಿ, ಸರಿ. ಹಂಗಾದ್ರೆ ಬೇರೇನೂ ಕೇಳಲ್ಲ ಬಿಡಿ." ನಮ್ಮ ಅಡ್ಡಹೆಸರಿಗೆ ಇಲ್ಲಿ ಇಷ್ಟು ಮರ್ಯಾದೆಯೇ ಎಂದು ಹಿಗ್ಗಿದೆ. ಮೂರನೇ ದಿನ ಅವರೇ ಮೆಟ್ಟಿಲು ಹತ್ತಿ ಬಂದು, "ದಿನಾ ಬೆಳಿಗ್ಗೆ ಅದೇನೋ ಬಡೀತೀರಲ್ಲ, ರಿಪೇರಿ ಇನ್ನೂ ಎಷ್ಟು ದಿನ ಇದೆ?" ಎಂದು ವಿಚಾರಿಸಿದರು. ನಾನು ರೊಟ್ಟಿ ತಟ್ಟುತ್ತಿದ್ದೆ. ಈಗ ಚಪಾತಿ ಲಟ್ಟಿಸುತ್ತೇನೆ, ಸೊಪ್ಪು ಬೇಯಿಸಿದ ನೀರು ಬಸಿದು ಮಾಡುವ ಬಸ್ಸಾರನ್ನು ಹೊಗಳಲು ಕಲಿತಿದ್ದೇನೆ. ಹೊಗಳುವುದು ಸುಲಭ, ಉಣ್ಣುವಾಗ ಕಣ್ಣು ಶೇಂಗಾ ಹಿಂಡಿಯನ್ನೇ ಹುಡುಕುತ್ತದೆ.

ಆ ಪಡಸಾಲೆ ಎರಡು ಬೀದಿ ಆಚೆಗಿನ ಸೀತಾಲಕ್ಷ್ಮಮ್ಮನವರದು. ಎಪ್ಪತ್ತು ದಾಟಿದ ವಿದುಷಿ, ಮನೆಯಲ್ಲೇ ಸಂಗೀತ ಶಾಲೆ. ಶಾಲೆಯ ವ್ಯವಹಾರ ನೋಡುವವರು ಅವರ ಅಕ್ಕನ ಮಗ ಮುರಳಿ. ವಿಮೆ ಕಚೇರಿಯಿಂದ ನಿವೃತ್ತರಾದ ಮೇಲೆ ಫೋನಿನಲ್ಲಿ 'ವೆಲ್‌ನೆಸ್' ಎಂಬುದನ್ನು ಕಂಡುಹಿಡಿದವರು. ವಾರಕ್ಕೆರಡು ದಿನ ಬರುವ ಸ್ವಾಸ್ಥ್ಯ ಸಲಹೆಗಾರ್ತಿಯಾಗಿ ನನ್ನನ್ನು ನೇಮಿಸಿಕೊಂಡರು.

"ನಮ್ ಮಕ್ಕಳಿಗೆ ಸ್ಟ್ರೆಸ್ ಅನ್ನೋದೇ ಇಲ್ಲ ಕಣ್ರೀ," ಎಂದರು ಮೊದಲ ದಿನ. "ಆದ್ರೂ ಅದನ್ನ ಮ್ಯಾನೇಜ್ ಮಾಡೋದು ಹೇಳ್ಕೊಟ್ಬಿಡಿ."

ಅವರು ಗೋಡೆಗೆ ಒಂದು ತಖ್ತೆ ತೂಗುಹಾಕಿದ್ದರು. ನಗುವ ಮುಖದಿಂದ ಅಳುವ ಮುಖದವರೆಗೆ ಐದು ಮುಖಗಳು. ಹುಡುಗಿಯರು ದಿನವೂ ತಮ್ಮ ಮನಸ್ಸಿನಂತೆ ಒಂದರ ಕೆಳಗೆ ಹೆಸರು ಅಂಟಿಸಬೇಕು. ತಖ್ತೆ ಇದ್ದದ್ದು ಗುರುಗಳ ಕಣ್ಣೆದುರಿಗೆ. ಹನ್ನೊಂದೂ ಹೆಸರು ಪ್ರತಿದಿನ ನಗುತ್ತಿದ್ದವು. ಆಮೇಲೆ ಗೋಕುಲಂನಿಂದ ಯೋಗ ಹೇಳಿಕೊಡುವ ಒಬ್ಬರು ಬಂದು, ಎಲ್ಲರನ್ನೂ ಅಂಗಾತ ಮಲಗಿಸಿ, ಸಮುದ್ರವನ್ನು ಕಲ್ಪಿಸಿಕೊಳ್ಳಿ ಎಂದರು. ಒಬ್ಬಳು ನಿದ್ದೆಹೋದಳು. ಈ ವರ್ಷ ಶಾಲೆಯಲ್ಲಿ ನಡೆದ ಒಂದೇ ಒಂದು ಆರೋಗ್ಯ ಕಾರ್ಯ ಅದು.

ಇವರನ್ನೆಲ್ಲ ನೋಡಿ ಮೂಗು ಮುರಿದ ನನ್ನ ಕೊಡುಗೆ ಏನು? ನೀರು. ಗಂಟಲು ಒಣಗಿದರೆ ಸ್ವರ ಒಡೆಯುತ್ತದೆ, ದಿನಕ್ಕೆ ಇಷ್ಟು ಕುಡಿಯಬೇಕು ಎಂದು ಭಾಷಣ ಮಾಡಿದೆ. ಮುರಳಿ ಶಾಲೆಯ ಹೆಸರು ಕೆತ್ತಿಸಿದ ಹನ್ನೊಂದು ಸ್ಟೀಲ್ ಬಾಟಲಿ ತರಿಸಿದರು. ಹುಡುಗಿಯರು ಬಾಟಲಿಯನ್ನು ತುಂಬಿಸಿ ತಂದು, ಪಕ್ಕದಲ್ಲಿಟ್ಟುಕೊಂಡು ಹಾಡಿ, ತುಂಬಿದ್ದನ್ನೇ ಮನೆಗೆ ಒಯ್ದರು. ಈ ಊರಿನವರಿಗೆ ನೀರು ಕುಡಿಯಲೂ ಸಂಕೋಚ ಎಂದು ಗಂಡನ ಮುಂದೆ ಆಡಿಕೊಂಡು ನಕ್ಕೆ.

ಬಾಗಿಲ ಹತ್ತಿರ, ಕೊನೆಯಲ್ಲಿ ಕೂರುತ್ತಿದ್ದವಳು ಸುಜಾತಾ. ಹತ್ತೊಂಬತ್ತು ವರ್ಷ, ಹೂಟಗಳ್ಳಿಯಿಂದ ಎರಡು ಬಸ್ಸು ಬದಲಿಸಿ ಬರುವವಳು. ನಾಲ್ಕು ವರ್ಷದ ಕಲಿಕೆ, ಎರಡು ತಿಂಗಳಲ್ಲಿ ಸಂಗೀತದ ಸೀನಿಯರ್ ಪರೀಕ್ಷೆ. ಅವಳಂಥ ಕಂಠ ಆ ಪಡಸಾಲೆಯಲ್ಲಿ ಇನ್ನೊಂದಿರಲಿಲ್ಲ. ಆದರೆ ಎರಡನೇ ತಾಸಿಗೆ ಮೇಲಿನ ಷಡ್ಜ ಸೀಳುತ್ತಿತ್ತು. ನಾನು ಅವಳ ಬಾಟಲಿ ಎತ್ತಿ ಅಲುಗಾಡಿಸಿದೆ. ಪೂರ್ತಿ ತುಂಬಿತ್ತು.

"ಇದೇನವಾ, ತೀರ್ಥದ ಗಿಂಡಿ ಮಾಡಿಟ್ಟಿಯಲ್ಲ. ನಾಳೆಯಿಂದ ಖಾಲಿ ಇರಬೇಕು. ನಾ ನೋಡತೀನಿ."

"ಆಯ್ತು ಮೇಡಂ," ಎಂದಳು. ನನ್ನ ಮಾತಿನ ಧಾಟಿಗೆ ಉಳಿದವರು ಕಿಸಕ್ಕನೆ ನಕ್ಕರು. ಅವಳು ನಗಲಿಲ್ಲ.

ಮಾತಿನಂತೆ ನಡೆದಳು. ಮೂರು ವಾರ ಬಾಟಲಿ ಖಾಲಿ. ಷಡ್ಜ ಕನ್ನಡಿಯಂತೆ ನಿಂತಿತು. ಮನೆಗೆ ಬಂದು ಬೀಗಿದೆ. "ಕರ್ನಾಟಕ ಸಂಗೀತಕ್ಕ ನಿನ್ನಿಂದ ಭಾಳ ಉಪಕಾರ ಆತು," ಎಂದರು ನನ್ನವರು. ನಾನು ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡೆ.

ಆಮೇಲೆ ಸುಜಾತಾ ಬರುವುದು ನಿಂತಿತು. ಐದು ದಿನವಾದರೂ ಸುದ್ದಿಯಿಲ್ಲ. ಮುರಳಿ ತಾವೇ ಅವಳ ಹೆಸರನ್ನು ಅಳುವ ಮುಖದ ಕೆಳಗೆ ಅಂಟಿಸಿ, ತಖ್ತೆ ಕಡೆಗೂ ಕೆಲಸಕ್ಕೆ ಬಂತು ಎಂದು ಸಮಾಧಾನಪಟ್ಟರು. ನಾನು ವಿಳಾಸ ತೆಗೆದುಕೊಂಡು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕ್ಷಯ, ಡೆಂಗಿ, ಬಾಲ್ಯದ ಪ್ರೇಮಿ, ಎಲ್ಲವನ್ನೂ ಚಿಂತಿಸಿದೆ. ನಿಜವಾದ ಕಾರಣವೊಂದನ್ನು ಬಿಟ್ಟು.

ಎರಡು ಕೋಣೆಯ ಮನೆ. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಹೊಲಿಗೆ ಮಿಷನ್ನು. ಸುಜಾತಾ ಮಂಚದ ಮೇಲೆ ಗೋಡೆಗೊರಗಿ ಕೂತಿದ್ದಳು. ಅವಳ ತಾಯಿ ಮಹದೇವಮ್ಮ ನನಗೆ ಕುರ್ಚಿ ಹಾಕಿ, ತಾವು ನಿಂತೇ ಮಾತಾಡಿದರು.

"ಜ್ವರ ಬಂದು ಗದಗದ ನಡುಗ್ಬುಟ್ಳು ಮೇಡಂ. ಆಸ್ಪತ್ರೆಲಿ ಮೂರ್ ದಿನ ಮಡಿಕಂಡಿದ್ರು. ಉಚ್ಚೆ ಕಟ್ಕಂಡು ಕಟ್ಕಂಡು ಒಳಗೆ ಸೋಂಕಾಗದೆ ಅಂದ್ರು ಡಾಕ್ಟ್ರು."

"ಯಾಕ ಕಟ್ಟಿಕೊಂಡಳು?"

"ನೀರ್ ಕುಡಿ ಅಂದ್ರಿ, ಕುಡುದ್ಲು. ಎಲ್ಲೋಗ್ಬೇಕು ಅಂತ ನೀವ್ ಯೋಳ್ನಿಲ್ಲ."

ಗುರು ಏಳುವ ಮುಂಚೆ ಶಿಷ್ಯರು ಏಳಬಾರದು. ಅದು ಆ ಮನೆಯ ನಿಯಮ. ಅದಕ್ಕೇ ಹತ್ತು ಹುಡುಗಿಯರು ನನ್ನ ಭಾಷಣಕ್ಕೆ ತಲೆಯಾಡಿಸಿ, ಬುದ್ಧಿವಂತಿಕೆಯಿಂದ ಬಾಟಲಿ ಮುಟ್ಟಿರಲಿಲ್ಲ. ಪಾಠ ಮುಗಿದ ಮೇಲಾದರೂ ಹೋಗಬಹುದಿತ್ತಲ್ಲ ಎಂದೆ.

"ಕಕ್ಕಸು ಇರದು ಅಡಿಗೆಮನೆ ದಾಟ್ಕಂಡು, ದೇವ್ರ ಕೋಣೆ ಪಕ್ಕಕ್ಕೆ. ಬ್ಯಾರೆ ಮಕ್ಳು ಓಯ್ತವೆ. ಇವ್ಳು ಎರಡ್ ಬಸ್ಸು ಇಡ್ಕಂಡು ಮನೆಗಂಟ ಬತ್ತಾಳೆ."

"ಬ್ಯಾಡಂತ ಯಾರರೆ ಅಂದಾರೇನು?"

"ಇಲ್ಲ ಕಣಮ್ಮ. ಬಾ ಅಂತ್ಲೂ ಅನ್ನಿಲ್ಲ. ನಾವ್ ಯಾರು ಅಂತ ಅವ್ರಿಗೂ ಗೊತ್ತು, ನಮ್ಗೂ ಗೊತ್ತು."

ಸುಜಾತಾ ಅಷ್ಟು ಹೊತ್ತೂ ಹೊದಿಕೆಯ ಅಂಚು ಮಡಿಸುತ್ತಿದ್ದಳು. "ನಾಲ್ಕು ವರ್ಷ ನೀರು ಕುಡೀದೆ ಚೆನ್ನಾಗೇ ಇದ್ದೆ ಮೇಡಂ," ಎಂದಳು. "ಪರೀಕ್ಷೆ ಕಟ್ಟಲ್ಲ. ಹಾಡೋದು ಸಾಕು ಅನ್ನಿಸ್ಬುಟ್ಟಿದೆ."

ಆ ಮನೆಗೆ ಹೋದ ಮೊದಲ ದಿನವೇ, ಹೆಸರು ಹೇಳಿದ ಐದು ನಿಮಿಷಕ್ಕೆ, ಸೀತಾಲಕ್ಷ್ಮಮ್ಮನವರು ನನ್ನ ಕೈ ಹಿಡಿದು, "ಒಳಗೆ ಬನ್ನಿ, ಕೈಕಾಲು ತೊಳ್ಕೊಳ್ಳಿ" ಎಂದು ಅಡಿಗೆಮನೆ ದಾಟಿಸಿ ಕರೆದೊಯ್ದಿದ್ದರು. ಮೈಸೂರಿನ ಜನ ಎಷ್ಟು ಆದರದವರು ಎಂದು ಅಂದೇ ತಂಗಿಗೆ ಫೋನು ಮಾಡಿ ಹೇಳಿದ್ದೆ.

ಮರುದಿನ ಮಧ್ಯಾಹ್ನ ಅವರ ಮುಂದೆ ಕೂತು, ಪಾಠದ ನಡುವೆ ಹುಡುಗಿಯರು ಏಳುವಂತಿಲ್ಲದ ಮಾತು ತೆಗೆದೆ. ಅವರು ಹುರುಳಿಕಾಯಿ ನಾರು ತೆಗೆಯುತ್ತ ಕೇಳಿಸಿಕೊಂಡರು.

"ನಾವೂ ಹಾಗೇ ಕಲ್ತಿದ್ದು. ಬೆಳಿಗ್ಗೆ ಕೂತ್ರೆ ಮಧ್ಯಾಹ್ನ ಏಳೋದು. ನಂಗೇನೂ ಆಗ್ಲಿಲ್ಲ."

"ಎರಡು ಸಲ ಕಿಡ್ನಿ ಕಲ್ಲು ತಗಸೀರಿ ಅಂತ ಮುರಳಿಯವರು ಹೇಳಿದರಲ್ರೀ."

ಹುರುಳಿಕಾಯಿ ಹಿಡಿದ ಕೈ ನಿಂತಿತು. "ಅದು ಆಗಿನ ಬಾವಿ ನೀರಿನ ದೋಷ," ಎಂದರು.

ಸುಜಾತಾಳ ವಿಷಯ ಹೇಳಿದೆ. ಅವರು ಇನ್ನೊಂದು ಹುರುಳಿಕಾಯಿ ಎತ್ತಿಕೊಂಡರು. "ನಾನು ಯಾರನ್ನೂ ತಡೆದಿಲ್ಲಮ್ಮ."

"ಕರದೂ ಇಲ್ಲ."

ಪರಿಹಾರ ಹುಡುಕಿದವರು ಮುರಳಿ. ಮನೆಯ ಪಕ್ಕದ ಓಣಿಯಲ್ಲಿ ತೆಂಗಿನ ಚಿಪ್ಪು ತುಂಬಿದ್ದ ಒಂದು ಹಳೇ ಕಕ್ಕಸಿತ್ತು. ಎರಡೇ ದಿನದಲ್ಲಿ ಚಿಪ್ಪು ಖಾಲಿ, ಸುಣ್ಣ, ಹೊಸ ಬಲ್ಬು, 'ವಿದ್ಯಾರ್ಥಿಗಳಿಗೆ' ಎಂಬ ಬೋರ್ಡು. ಬೋರ್ಡಿನ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಒಂದು ತಾಸಿಗೊಮ್ಮೆ ತಾವೇ ಏಳುವುದಾಗಿ ಸೀತಾಲಕ್ಷ್ಮಮ್ಮ ಒಪ್ಪಿದರು: "ನಾನೆದ್ರೆ ಎಲ್ರೂ ಏಳ್ಬೋದು ತಾನೆ?" ಐವತ್ತು ವರ್ಷದಲ್ಲಿ ಆಕೆ ಸಡಿಲಿಸಿದ ಮೊದಲ ನಿಯಮ ಅದು. ಅಷ್ಟು ಸಾಕು ಎಂದುಕೊಂಡೆ. ಓಣಿಯ ಬೋರ್ಡು ಯಾರಿಗಾಗಿ ಎಂದು ನನಗೆ ಕಾಣದೆ ಇರಲಿಲ್ಲ. ಪರೀಕ್ಷೆ ಹತ್ತಿರ ಬಂತು ಎಂದು ನೆಪ ಹೇಳಿಕೊಂಡು ಕಂಡರೂ ಕಾಣದವಳಂತೆ ಇದ್ದೆ. ಇದರಲ್ಲಿ ನನಗೆ ಒಳ್ಳೆಯ ಅಭ್ಯಾಸವಿದೆ.

ಮತ್ತೆ ಹೂಟಗಳ್ಳಿಗೆ ಹೋಗಿ ಗೆದ್ದವಳ ಹಾಗೆ ಎಲ್ಲವನ್ನೂ ಹೇಳಿದೆ. ಸುಜಾತಾ ಪೂರ್ತಿ ಕೇಳಿ, ಒಂದೇ ಪ್ರಶ್ನೆ ಕೇಳಿದಳು.

"ಆ ಓಣಿದಕ್ಕೆ ನೀವೂ ಹೋಗ್ತೀರಾ ಮೇಡಂ?"

ನಾನು ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ.

ಸೋಮವಾರ ಅವಳು ಬಂದಳು. ಅದೇ ಜಾಗ, ಬಾಗಿಲ ಹತ್ತಿರ. ನಾನು ಒಂದು ಮಾತೂ ಆಡದಿದ್ದರೂ ಬಾಟಲಿ ಎತ್ತಿ, ನನ್ನನ್ನೇ ನೋಡುತ್ತ, ಗಟಗಟ ಅರ್ಧ ಕುಡಿದಳು. ಒಂದು ತಾಸಿಗೆ ಸೀತಾಲಕ್ಷ್ಮಮ್ಮ ಮಂಡಿ ಹಿಡಿದು ಎದ್ದು ಅಡಿಗೆಮನೆ ಬಾಗಿಲಿಗೆ ಹೋಗಿ, ಒಂದು ಲೋಟ ನೀರು ಹಿಡಿದು ನಿಂತರು. ಹುಡುಗಿಯರು ಎದ್ದರು. ಮುರಳಿ ಓಣಿಯ ಕಡೆ ಕೈ ತೋರಿಸಿದರು. ಸುಜಾತಾ ಆ ಕೈಯನ್ನು ನೋಡಿದಳು. ಪಡಸಾಲೆಯನ್ನು ಅಡ್ಡಲಾಗಿ ದಾಟಿ ನೇರ ಅಡಿಗೆಮನೆಗೆ ನಡೆದಳು. ಬಾಗಿಲಲ್ಲಿ ಗುರುಗಳು. ಇಬ್ಬರೂ ನಿಂತರು. ನಾನು ಎಣಿಸತೊಡಗಿದೆ, ಗಾಬರಿಯಾದರೆ ಎಣಿಸುತ್ತೇನೆ. ಏಳಕ್ಕೆ ಬಂದಾಗ ಸೀತಾಲಕ್ಷ್ಮಮ್ಮ ಪಕ್ಕಕ್ಕೆ ಸರಿದರು.

"ಸ್ವಿಚ್ಚು ಎಡಗಡೆಗಿದೆ ಕಣಮ್ಮ," ಎಂದರು.

ಅಷ್ಟೇ. ಆ ಕ್ಷಣ ಅವರಿಬ್ಬರಿಗೆ ಏನನ್ನಿಸಿತು ಎಂದು ನನಗೆ ಗೊತ್ತಿಲ್ಲ. ಪರೀಕ್ಷೆಗೆ ಇನ್ನು ಒಂಬತ್ತು ದಿನ ಇದೆ, ಷಡ್ಜ ನಿಲ್ಲುತ್ತಿದೆ, ತಖ್ತೆಯ ಮೇಲೆ ಸುಜಾತಾಳ ಹೆಸರು ಎಲ್ಲೂ ಇಲ್ಲ, ಅವಳೇ ಕಿತ್ತು ಬಾಟಲಿಗೆ ಅಂಟಿಸಿಕೊಂಡಿದ್ದಾಳೆ.

ಇದನ್ನು ಓದಿ, ಮೈಸೂರು ಹಾಗೆ, ನಮ್ಮ ಧಾರವಾಡ ಹೀಗಲ್ಲ ಎಂದು ನೀವು ಚಹಾ ಹೀರಬಹುದು. ನಾನೂ ಹಾಗೇ ಬರೆಯಲು ಕೂತವಳು. ಬರೆಯುತ್ತ ನಮ್ಮ ತಾಯಿಯ ಮನೆಯ ಹಿತ್ತಲ ಕಿಟಕಿ ನೆನಪಾಯಿತು. ಅದರ ಕಟ್ಟೆಯ ಮೇಲೆ ಹಿಡಿಕೆ ಮುರಿದ ಒಂದು ಕಪ್ಪು, ಹಿತ್ತಲು ಗುಡಿಸುವವಳ ಚಹಾಕ್ಕೆಂದು, ಯಾವಾಗಲೂ ಬೋರಲಾಗಿ ಇರುತ್ತಿತ್ತು. ಎಲ್ಲರ ಕಪ್ಪಿನ ಜೊತೆ ಅದನ್ನು ಯಾಕೆ ತೊಳೆಯುವುದಿಲ್ಲ ಎಂದು ನಾನು ಐವತ್ತು ವರ್ಷ ಕೇಳಲಿಲ್ಲ. ಇನ್ನು ಆ ಊರಿಗೆ ಮೊದಲಿನ ಹಾಗೆ ಮರಳಲಾರೆ. ಈ ಊರು ಒಳಗೆ ಕರೆದದ್ದು ನನ್ನನ್ನಲ್ಲ, ನನ್ನ ಅಡ್ಡಹೆಸರನ್ನು.

ಆ ಸೋಮವಾರ ನನಗೂ ಅವಸರವಾಗಿತ್ತು. "ನೀವು ಒಳಗೇ ಬನ್ನಿ ಕುಲಕರ್ಣಿಯವರೇ," ಎಂದು ಸೀತಾಲಕ್ಷ್ಮಮ್ಮ ಕರೆದರು. ಓಣಿಯಲ್ಲಿ ಮುರಳಿಯವರ ಹೊಸ ಬಲ್ಬು ಉರಿಯುತ್ತಿತ್ತು. ಯಾವ ಬಾಗಿಲು ಎಂದು ತಿಳಿಯದೆ ಸ್ವಾಸ್ಥ್ಯ ಸಲಹೆಗಾರ್ತಿ ಮತ್ತೆ ಕೂತುಕೊಂಡಳು, ಪಾಠ ಮುಗಿಯುವವರೆಗೂ ಕಟ್ಟಿಕೊಂಡೇ ಇದ್ದಳು.